ಬಾಳೇಶ ಆರಿಸಿಕೊಟ್ಟ ಎಂಜಿನ್

ಹತ್ತಿರ ಸರಿದು ಕೂತ್ಕೊಳ್ಳಿ ಮಕ್ಕಳೇ, ಹಿಂದೆ ಕೂತವರಿಗೂ ಕೇಳಿಸಲಿ.

ಗುಡ್ಡದ ನೆತ್ತಿಯ ಮೇಲೆ ಒಂದು ಕುಂಬಾರರ ಊರಿತ್ತು. ಹನ್ನೊಂದು ಮನೆ, ಹನ್ನೊಂದು ತಿಗರಿ, ಊರಿಗೆಲ್ಲ ಸೇರಿ ಒಂದೇ ಲಾರಿ. ಊರಿಂದ ಪೇಟೆಗೆ ಇಳಿಯಬೇಕಾದರೆ ಏಳು ತಿರುವಿನ ಘಾಟಿ ದಾಟಬೇಕು. ಬೇರೆ ಊರಿನ ಲಾರಿಯವರು ಆ ದಾರಿ ನೋಡಿಯೇ ಕೈಮುಗಿದು ತಿರುಗಿ ಹೋಗುತ್ತಿದ್ದರು.

ಆ ಒಂದು ಲಾರಿ ದುಂಡಪ್ಪನದು. ಅವನು ಗಾಡಿ ನಡೆಸುವ ಚಂದ ನೋಡಬೇಕು! ನಿದ್ದೆ ಹೋದ ಕೂಸನ್ನು ಮಡಿಲಿಂದ ತೊಟ್ಟಿಲಿಗೆ ಇಳಿಸಿದ ಹಾಗೆ. ಹುಲ್ಲಿನಲ್ಲಿ ಹೂತಿಟ್ಟ ಗಡಿಗೆಗಳು ಪೇಟೆ ಮುಟ್ಟುವ ತನಕ ಒಂದಕ್ಕೊಂದು ತಾಗುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಹೆಂಡತಿ ಕಾಶವ್ವ. ಇಪ್ಪತ್ತೆಂಟು ವರ್ಷದಿಂದ ಅದೇ ಸೀಟು. ಗಂಡನ ಕಣ್ಣು ದಾರಿಯ ಮೇಲೆ, ಅವಳ ಕಿವಿ ಎಂಜಿನ್ನಿನ ಮೇಲೆ.

ಎಂಜಿನ್ನಿಗೂ ವಯಸ್ಸಾಯಿತು. ಒಂದು ವರ್ಷ ಎಣ್ಣೆ ಕುಡಿಯಲು ಶುರು ಮಾಡಿತು. ದುಂಡಪ್ಪ ಎಣ್ಣೆ ಹಾಕಿದ. ಮರುವರ್ಷ ನೀಲಿ ಹೊಗೆ ಬಿಟ್ಟಿತು. ದುಂಡಪ್ಪ ಕಂಡೂ ಕಾಣದ ಹಾಗೆ ಇದ್ದ. ಮೂರನೆಯ ವರ್ಷ ತುಂಬಿದ ಗಾಡಿ ಘಾಟಿ ಇಳಿಯುತ್ತಿರುವಾಗ, ನಾಲ್ಕನೆಯ ತಿರುವಿನಲ್ಲಿ, ಎಂಜಿನ್ ನಿಂತೇಬಿಟ್ಟಿತು.

ಎಂಜಿನ್ ನಿಂತರೆ ಬ್ರೇಕಿಗೆ ಗಾಳಿ ತುಂಬುವವರು ಯಾರು? ಒಂದು ಸಲ ತುಳಿದ, ಹಿಡಿಯಿತು. ಎರಡನೆಯ ಸಲ ತುಳಿದ, ಅರ್ಧ ಹಿಡಿಯಿತು. ಮೂರನೆಯ ಸಲ ಪೆಡಲು ಸುಮ್ಮನೆ ಕೆಳಗೆ ಹೋಯಿತು. ದುಂಡಪ್ಪ ಗಾಡಿಯನ್ನು ಗುಡ್ಡದ ಮೈಗೆ ಒರಗಿಸಿದ. ಮಣ್ಣು ಕೆರೆಯುತ್ತಾ ಕೆರೆಯುತ್ತಾ ಗಾಡಿ ನಿಂತಿತು. ಅರ್ಧಕ್ಕರ್ಧ ಗಡಿಗೆ ಚೂರಾದವು. ಕಾಶವ್ವ ತನ್ನ ಕಡೆಯ ಕಿಟಕಿಯಿಂದ ಇಣುಕಿದಳು. ಕೆಳಗೆ ಮರಗಳ ತಲೆ ಮಾತ್ರ ಕಂಡವು.

ದುಂಡಪ್ಪನ ಕೈ ಸ್ಟೇರಿಂಗ್ ಬಿಡಲೊಲ್ಲದು. ಕಾಶವ್ವ ಒಂದೊಂದೇ ಬೆರಳು ಬಿಡಿಸಿದಳು.

"ಸಾಕಾತು ಕಾಶಿ. ಗಾಡಿ ಗುಜರಿಗೆ ಹಾಕೂಣು," ಅಂದ ದುಂಡಪ್ಪ.

"ಗಾಡಿ ಗುಜರಿಗೆ ಹಾಕಿದ್ರ ನಿನ್ನ ಎಲ್ಲಿ ಹಾಕ್ಲಿ?" ಅಂದಳು ಕಾಶವ್ವ. "ಮೈ ಗಟ್ಟಿ ಐತಿ. ಒಳಗಿನ ಉಸಿರಷ್ಟ ಹೋಗೈತಿ. ಬ್ಯಾರೆ ಎಂಜಿನ್ ಹಾಕೂಣು."

ಊರವರೆಲ್ಲ ಸೇರಿ ಹಗ್ಗ ಕಟ್ಟಿ ಲಾರಿಯನ್ನು ಊರಿಗೆ ಎಳೆದು ತಂದರು. ದೀಪಾವಳಿಗೆ ಎರಡೇ ತಿಂಗಳಿತ್ತು. ಹನ್ನೊಂದು ಮನೆಯ ಅಂಗಳದಲ್ಲೂ ಹಣತೆ ಒಣಗುತ್ತಿದ್ದವು. ಲಾರಿ ಇಳಿಯದಿದ್ದರೆ ಅವೂ ಇಳಿಯುವುದಿಲ್ಲ.

ಹಾಕೂಣು ಅಂದರೆ ಆಯಿತೇ? ಯಾವ ಎಂಜಿನ್ ಅಂದರೆ ಆ ಎಂಜಿನ್ ಕೂರುತ್ತದೆಯೇ? ಕಾಶವ್ವ ಒಂದು ದಾರ ತಂದಳು. ಹಳೆಯ ಎಂಜಿನ್ನಿನ ಉದ್ದಕ್ಕೆ ಒಂದು ಗಂಟು, ಎತ್ತರಕ್ಕೆ ಒಂದು ಗಂಟು, ಅದು ಊರಿ ನಿಲ್ಲುವ ಕಾಲಿನಿಂದ ಕಾಲಿಗೆ ಒಂದು ಗಂಟು ಹಾಕಿದಳು. ಗೇರ್ ಬಾಕ್ಸ್ ಕೂಡುವ ಜಾಗದ ತೂತುಗಳನ್ನು ದುಂಡಪ್ಪ ರಟ್ಟಿನ ಮೇಲೆ ಬರೆದುಕೊಂಡ. ಇಬ್ಬರೂ ಪೇಟೆಗೆ ನಡೆದರು.

ಪೇಟೆಯಲ್ಲಿ ಹಳೆಯ ಎಂಜಿನ್ ಮಾರುವವನು ಬಾಳೇಶ. ಮಾತು ಬೆಲ್ಲ, ನಗು ತುಪ್ಪ. "ಬರ್ರಿ ಅಕ್ಕಾರ, ನಿಮ್ಮ ಹಾದೀನ ಕಾಯಾಕತ್ತಿದ್ದೆ," ಅಂದ. ಕೆಂಪು ಬಣ್ಣ ಹೊಡೆದ ಎಂಜಿನ್ ತೋರಿಸಿದ. ಗುಂಡಿ ಒತ್ತಿದ್ದೇ ತಡ, ಗುರ್ ಅಂತ ಎದ್ದಿತು. ದುಂಡಪ್ಪನ ಮುಖ ಅರಳಿತು. ಕಾಶವ್ವ ಅದನ್ನು ನಿಲ್ಲಿಸಲು ಹೇಳಿ ಎಂಜಿನ್ನಿನ ಮೈ ಮೇಲೆ ಅಂಗೈ ಇಟ್ಟಳು.

"ಬಾಳೇಶಣ್ಣ, ಈಗ ಚಾಲೂ ಮಾಡಿದ ಎಂಜಿನ್ ಇಷ್ಟು ಲಗೂನ ಸುಡತೈತೇನು? ನಾವು ಬರೂಕಿಂತ ಮುಂಚೆ ಕಾಯಿಸಿ ಇಟ್ಟೀದಿ. ಸವೆದ ಎಂಜಿನ್ ತಣ್ಣಗಿದ್ರ ಏಳೂದಿಲ್ಲ."

ಬಾಳೇಶ ಕೆಮ್ಮಿದ.

ಮರುವಾರ ಎರಡನೆಯ ಎಂಜಿನ್ ತೋರಿಸಿದ. ಮೈ ತಣ್ಣಗಿತ್ತು. ಎರಡು ಸಲ ಕೆಮ್ಮಿ ಎದ್ದಿತು, ಒಳಗೆ ಕಟಕಟ ಅನ್ನುವ ಸದ್ದೂ ಇಲ್ಲ. ಕಾಶವ್ವ ಎಣ್ಣೆಯ ಅಳತೆಕಡ್ಡಿ ಎಳೆದು ಹಿಡಿದಳು. ಎಣ್ಣೆ ಹನಿಯಲೇ ಇಲ್ಲ, ಪಾಕದ ಹಾಗೆ ನೂಲು ನೂಲಾಗಿ ಇಳಿಯಿತು.

"ದಪ್ಪ ಎಣ್ಣಿ ಕುಡಿಸಿ ಬಾಯಿ ಮುಚ್ಚಿಸೀದಿ. ಒಳಗ ಎಲ್ಲಾ ಸಡಲ ಐತಿ," ಅಂದಳು.

ಬಾಳೇಶನ ಬೆಲ್ಲ ಕರಗಿತು. "ಬೇಕಾದ್ರ ಈ ಎರಡರಾಗ ಒಂದು ಒಯ್ಯಿ. ಬ್ಯಾರೆ ಇಲ್ಲ!" ಮೂಲೆಯಲ್ಲಿ ಗೋಣಿ ಹೊದಿಸಿದ ಇನ್ನೊಂದಿತ್ತು. "ಅದು?" ಅಂದಳು ಕಾಶವ್ವ. "ಅದು ಸತ್ತ ಎಂಜಿನ್," ಅಂದು ಬಾಳೇಶ ಅಡ್ಡ ನಿಂತ.

ಗುಡ್ಡ ಹತ್ತುವಾಗ ದುಂಡಪ್ಪ ದಾರಿಯ ಕಲ್ಲಿನ ಮೇಲೆ ಕೂತುಬಿಟ್ಟ. "ಕಾಶಿ, ಆ ಕೆಂಪು ಎಂಜಿನ್ನ ತರೂಣು. ನಾ ಹುಷಾರಿಲೆ ನಡಸ್ತೀನಿ."

"ನೀ ಹುಷಾರಿಲೆ ನಡಸ್ತಿ. ಎಂಜಿನ್ ಹುಷಾರಿಲೆ ಇರ್ತೈತೇನು?" ಅಂದಳು ಕಾಶವ್ವ. ಅವನ ಕೈ ಹಿಡಿದುಕೊಂಡು ಏಳು ತಿರುವನ್ನೂ ಹತ್ತಿದಳು. ಪ್ರತಿ ತಿರುವಿನಲ್ಲೂ ಒಂದೇ ಯೋಚನೆ: ಎಂಜಿನ್ನಿನ ಒಳಗೆ ಏನಿದೆ ಅನ್ನೋದು ನನಗಿಂತ ಚೆನ್ನಾಗಿ ಬಾಳೇಶನಿಗೆ ಗೊತ್ತು. ಹಾಗಾದರೆ ಅವನೇ ಆರಿಸಲಿ.

ಮೂರನೆಯ ವಾರ ಹೋದಳು. ಬಾಳೇಶ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದ. ಸುತ್ತ ಹತ್ತು ಜನ.

"ಸೋತೆ ಬಾಳೇಶಣ್ಣ," ಅಂದಳು ಕಾಶವ್ವ. "ನೀ ಯಾವುದು ಅಂತಿ ಅದನ್ನ ಒಯ್ತೀವಿ. ಒಂದ ಮಾತು. ಮೊದಲ ಸಲ ಹಣತಿ ಹೇರಿಕೊಂಡು ಇಳಿಯೂ ದಿನ ನಮ್ಮ ಗಾಡ್ಯಾಗ ನೀನೂ ಬರಬೇಕು. ನನ್ನ ಸೀಟು ನಿನಗ ಬಿಟ್ಟುಕೊಡ್ತೀನಿ."

"ಇಷ್ಟ ಅಲ್ಲೇನೋ ಬಾಳೇಶ, ಮರ್ಯಾದಿ ಮಾಡಿ ಕರಿಯಾಕತ್ತಾರ, ಹೋಗು!" ಅಂದರು ಜನ. ಬಾಳೇಶ ಎದೆಯುಬ್ಬಿಸಿದ. "ಅದಕ್ಕೇನು, ಬರ್ತೀನಿ. ಕೆಂಪು ಎಂಜಿನ್ ಒಯ್ಯಿರಿ." ಅಂದವನು ಚಹಾ ಒಂದು ಗುಟುಕು ಕುಡಿದ. ಕಪ್ಪು ಕೆಳಗಿಟ್ಟ.

"ಘಾಟಿ ಭಾಳ ಇಳಿಜಾರೇನು?"

"ಏಳು ತಿರುವು."

"ಬದಿಗೆ ಗ್ವಾಡಿ ಐತೇನು?"

"ಇಲ್ಲ. ಕೆಳಗ ಮರದ ತಲಿ ಕಾಣ್ತಾವ."

"ನಡುವ ಎಂಜಿನ್ ನಿಂತ್ರ?"

"ಬ್ರೇಕು ಎರಡ ಸಲ ಹಿಡೀತೈತಿ ಅಣ್ಣ. ಮೂರನೇದಕ್ಕ ಇಲ್ಲ," ಅಂದಳು ಕಾಶವ್ವ ಮೆತ್ತಗೆ.

ಹತ್ತು ಜನರ ಕಣ್ಣೂ ಬಾಳೇಶನ ಮೇಲೆ. ಬರೋದಿಲ್ಲ ಅಂದರೆ ಎಂಜಿನ್ ಕೆಟ್ಟದ್ದು ಅಂತ ತಾನೇ ಒಪ್ಪಿಕೊಂಡ ಹಾಗೆ. ಬರ್ತೀನಿ ಅಂದರೆ ಜೀವದ ಭಯ. ಬಾಳೇಶ ಎದ್ದ. ಅಂಗಳಕ್ಕೆ ನಡೆದ. ಕೆಂಪು ಎಂಜಿನ್ ದಾಟಿದ, ಎರಡನೆಯದನ್ನೂ ದಾಟಿದ, ಮೂಲೆಯ ಗೋಣಿ ಎತ್ತಿದ.

"ಇದನ್ನ ಒಯ್ಯಿರಿ," ಅಂದ ತಲೆ ತಗ್ಗಿಸಿ. "ಹಿಂದಿನಿಂದ ಗುದ್ದಿಸಿಕೊಂಡ ಲಾರೀದು. ಎಂಜಿನ್ನಿಗೆ ಏನೂ ಆಗಿಲ್ಲ. ನನಗಂತ ಮುಚ್ಚಿಟ್ಟಿದ್ದೆ."

ಕಾಶವ್ವ ದಾರ ಹಿಡಿದಳು. ಮೂರು ಗಂಟೂ, ರಟ್ಟಿನ ತೂತುಗಳೂ ಸರಿಯಾಗಿ ಕೂತವು. ನ್ಯಾಯವಾದ ಬೆಲೆ ಕೊಟ್ಟು, ಬಾಡಿಗೆ ಎತ್ತಿನ ಗಾಡಿಗೆ ಎಂಜಿನ್ ಹೇರಿಸಿಕೊಂಡು ಊರಿಗೆ ತಂದಳು.

ಊರಲ್ಲಿ ಕೆಲಸ ಶುರುವಾಯಿತು. ಬೇವಿನ ಮರಕ್ಕೆ ಸರಪಳಿ ಕಟ್ಟಿ ಹಳೆಯ ಎಂಜಿನ್ ಎತ್ತಿದರು. ಹೊಸದನ್ನು ಕೀಲು ಕೀಲು ಬಿಚ್ಚಿದರು. ಒಂದು ಸಿಲಿಂಡರಿನ ಸಾಮಾನು ಇನ್ನೊಂದರ ಜೊತೆ ಬೆರೆಯಬಾರದಲ್ಲ? ಕುಂಬಾರರು ಆರು ಸಿಲಿಂಡರಿಗೆ ಮಣ್ಣಿನ ಆರು ಅಗಲ ತಟ್ಟೆ ಮಾಡಿಕೊಟ್ಟರು, ಒಂದೊಂದರಲ್ಲಿ ಒಂದೊಂದರ ಸಾಮಾನು. ತೊಳೆದರು, ಒರೆಸಿದರು, ಸವೆದ ರಿಂಗು ಬೇರಿಂಗು ತೆಗೆದು ಹೊಸದು ಹಾಕಿದರು. ತಿಗರಿ ತಿರುಗಿಸುವ ಕೈಗಳಿಗೆ ನಯ ಯಾವುದು, ಒರಟು ಯಾವುದು ಅಂತ ಹೇಳಿಕೊಡಬೇಕೇ?

ದುಂಡಪ್ಪ ಮಾತ್ರ ಆಗಾಗ ಹಳೆಯ ಎಂಜಿನ್ನಿನ ಹತ್ತಿರ ಹೋಗಿ ನಿಲ್ಲುತ್ತಿದ್ದ. ಅದರ ಮಣ್ಣು ಒರೆಸುತ್ತಿದ್ದ. ಕಾಶವ್ವ ನೋಡಿದಳು.

"ಅದರ ಡೀಸೆಲ್ ಪಂಪು ಹೋದ ವರ್ಷ ರಿಪೇರಿ ಮಾಡಿಸಿದ್ದಲ್ಲ? ಈ ಹೊಸದರ ಪಂಪಿಗಿಂತ ಅದ ಚಲೋ ಐತಿ. ಬಿಚ್ಚಿ ಇದಕ್ಕ ಹಾಕು," ಅಂದಳು.

ದುಂಡಪ್ಪ ಆ ಪಂಪನ್ನು ತಾನೇ ಬಿಚ್ಚಿ, ಒರೆಸಿ, ಹೊಸ ಎಂಜಿನ್ನಿಗೆ ಕೂರಿಸಿದ.

ಚಾಲೂ ಮಾಡುವ ದಿನ ಊರೆಲ್ಲ ಸೇರಿತು. ಮೊದಲ ಸಲ, ಸದ್ದಿಲ್ಲ. ಎರಡನೆಯ ಸಲ, ಬಿಳಿ ಹೊಗೆ. ಮೂರನೆಯ ಸಲ ಎದ್ದಿತು ನೋಡಿ! ಕಾಶವ್ವ ಕಣ್ಣು ಮುಚ್ಚಿ ಕೇಳಿದಳು. ಅಪಸ್ವರ ಒಂದೂ ಇಲ್ಲ. ಕಣ್ಣು ತೆರೆದಾಗ ಕೆನ್ನೆ ಒದ್ದೆಯಾಗಿತ್ತು.

ಮಾತು ಕೊಟ್ಟ ಹಾಗೆ ಬಾಳೇಶ ಬಂದ. ಕಾಶವ್ವ ನಡುವೆ ಸರಿದಳು, ಕಿಟಕಿ ಪಕ್ಕದ ಅವಳ ಸೀಟಿನಲ್ಲಿ ಅವನು ಕೂತ. ಮೊದಲ ತಿರುವಿಗೇ ಕಿಟಕಿ ಹಿಡಿದ. ಮೂರನೆಯ ತಿರುವಿಗೆ ಕಣ್ಣು ಮುಚ್ಚಿದ. ನಾಲ್ಕನೆಯದಕ್ಕೆ ಕಣ್ಣು ಬಿಟ್ಟು ಕೆಳಗೆ ನೋಡಿದ. ಮರದ ತಲೆ ಕಂಡವು. ಪಕ್ಕದಲ್ಲಿ ಇಬ್ಬರು ವಯಸ್ಸಾದವರು, ಹಿಂದೆ ಹನ್ನೊಂದು ಮನೆಯ ಹಣತೆ.

ಪೇಟೆ ಮುಟ್ಟಿದಾಗ ಒಂದು ಹಣತೆಯೂ ಬಿರುಕು ಬಿಟ್ಟಿರಲಿಲ್ಲ. ಬಾಳೇಶ ಕೆಳಗಿಳಿದು ಹಾಗೇ ನಿಂತ.

"ದುಂಡಪ್ಪಣ್ಣ, ಆ ಕೆಂಪು ಎಂಜಿನ್ ಒಯ್ದಿದ್ರ ನೀವು..."

"ಒಯ್ಯಲಿಲ್ಲಲ್ಲ," ಅಂದ ದುಂಡಪ್ಪ. ಕಾಶವ್ವ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಅವನ ಕೈಗಿಟ್ಟಳು. "ಉಣ್ಣು. ಮುಂಜಾನಿಂದ ಹೊಟ್ಟ್ಯಾಗ ಏನೂ ಇಲ್ಲ ನಿನಗ."

ಮರುದಿನ ಬಾಳೇಶ ಸುತ್ತಿಗೆ ತೆಗೆದುಕೊಂಡು ಕೆಂಪು ಎಂಜಿನ್ನನ್ನು ತಾನೇ ಒಡೆದು ಗುಜರಿಗೆ ಹಾಕಿದ. ಅಂದಿನಿಂದ ಆ ಅಂಗಳಕ್ಕೆ ಕೊಳ್ಳಲು ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಬಾಳೇಶ, ಇದನ್ನ ಹಾಕಿದ ಗಾಡ್ಯಾಗ ನೀ ಕುಂತು ಬರ್ತಿಯೇನು?" ಬರ್ತೀನಿ ಅನ್ನಲಾಗದ ಒಂದು ಎಂಜಿನ್ನನ್ನೂ ಅವನು ಆಮೇಲೆ ಮಾರಲಿಲ್ಲವಂತೆ.

ತಿಳೀತೇನು ಮಕ್ಕಳೇ? ನಾವು ಕೂತು ಹೋಗಲು ಹೆದರುವ ಗಾಡಿಯಲ್ಲಿ ಇನ್ನೊಬ್ಬರನ್ನು ಕೂರಿಸಬಾರದು. ಮಾರುವುದು ಏನೇ ಇರಲಿ, ಮಾಡಿಕೊಡುವುದು ಏನೇ ಇರಲಿ, ಅದರ ಪಕ್ಕದ ಸೀಟಿನಲ್ಲಿ ನಾವೂ ಕೂತಿದ್ದೇವೆ ಅಂತ ತಿಳಿದು ಕೊಡಬೇಕು.