ರೆಕ್ಕೆಗೆ ಹಚ್ಚಿದ ಅಂಟು

"ಗುರುಗಳೇ, ಹತ್ತು ಜನರನ್ನು ಒಟ್ಟಿಗೆ ಹಿಡಿದಿಡಬೇಕಾದರೆ ನಿಯಮ ಎಷ್ಟು ಗಟ್ಟಿಯಾಗಿರಬೇಕು?"

ಹೀಗೆ ಕೇಳಿದವನು ಮರುಳಸಿದ್ಧ. ಮಠದ ಉಸ್ತುವಾರಿ ಅವನದು. ಆಗ ಬೆಳಗಿನ ಹತ್ತು ಗಂಟೆ. ಮಠದ ಹೆಬ್ಬಾಗಿಲು ಮುಚ್ಚಿತ್ತು. ಅದರ ಬೀಗದ ಕೈ ಮರುಳಸಿದ್ಧನ ಸೊಂಟದಲ್ಲಿತ್ತು. ಬಾಗಿಲಾಚೆ ಕೊಟ್ರೇಶ ಒಂದು ಕೈಚೀಲ ಹಿಡಿದು ನಿಂತಿದ್ದ.

ಕೊಟ್ರೇಶ ಹನ್ನೆರಡು ವರ್ಷ ಆ ಮಠದಲ್ಲಿ ಪಾಠ ಹೇಳಿದವನು. ಹದಿನೈದು ದಿನದ ಹಿಂದೆ ಅವನ ತಾಯಿ ಹಾಸಿಗೆ ಹಿಡಿದ ಸುದ್ದಿ ಬಂತು. ಅಂದು ಮರುಳಸಿದ್ಧ ಊರಿನಲ್ಲಿರಲಿಲ್ಲ, ಗುರುಗಳು ಪೂಜೆಯಲ್ಲಿದ್ದರು. ಕೊಟ್ರೇಶ ಯಾರನ್ನೂ ಕೇಳದೆ ಬಸ್ಸು ಹತ್ತಿದ. ತಾಯಿಯನ್ನು ಮಣ್ಣು ಮಾಡಿ ಈಗ ತಿರುಗಿ ಬಂದಿದ್ದ. ಆದರೆ ಮೂರು ವರ್ಷದ ಕೆಳಗೆ, ಒಬ್ಬೊಬ್ಬರಾಗಿ ಐದು ಜನ ಮಠ ಬಿಟ್ಟು ಹೋದಾಗ, ಮರುಳಸಿದ್ಧ ಒಂದು ನಿಯಮ ಬರೆದು ಊಟದ ಮನೆಯ ಗೋಡೆಗೆ ತೂಗುಹಾಕಿದ್ದ. ಅಪ್ಪಣೆಯಿಲ್ಲದೆ ಹೊಸಿಲು ದಾಟಿದವನಿಗೆ ಮತ್ತೆ ಈ ಹೊಸಿಲಿಲ್ಲ, ಎಂದು. ಆಮೇಲೆ ಒಬ್ಬರೂ ಬಿಟ್ಟು ಹೋಗಿರಲಿಲ್ಲ.

ಇದನ್ನೆಲ್ಲ ಹೇಳಿ ಮರುಳಸಿದ್ಧ ಇನ್ನೊಂದು ಮಾತು ಸೇರಿಸಿದ. ಕೊಟ್ರೇಶನ ಮೇಲೆ ತನಗೆ ಸಿಟ್ಟಿಲ್ಲ, ಅವನನ್ನು ಕಂಡರೆ ಕರುಳು ಚುರ್ ಎನ್ನುತ್ತದೆ. ಆದರೆ ಇವತ್ತು ಒಬ್ಬನಿಗೆ ಸಡಿಲ ಬಿಟ್ಟರೆ ನಾಳೆ ಎಲ್ಲರೂ ಸಡಿಲ. ಮಠ ಉಳಿಯಬೇಕು ಎನ್ನುವುದೊಂದೇ ತನ್ನ ಆಸೆ, ಎಂದ.

ಗುರುಗಳು ಕೇಳಿಸಿಕೊಂಡರು.

"ನೀನು ಬೀಗ ಹಾಕಿಟ್ಟಿದ್ದೀಯಲ್ಲ, ಆ ಬಾಗಿಲು ಮಾಡಿದವನು ಯಾರು ಗೊತ್ತೇನಯ್ಯ?"

ಗೊತ್ತಿಲ್ಲ ಎಂದ ಮರುಳಸಿದ್ಧ.

ಹಾಗಾದರೆ ಕೂತುಕೋ ಎಂದರು ಗುರುಗಳು. ಹನ್ನೆರಡು ವರ್ಷ ಇಲ್ಲಿ ನಿಂತವನು ಇನ್ನರ್ಧ ಗಂಟೆ ಆಚೆ ನಿಂತಾನು, ಅವನ ಕಾಲಿಗೇನೂ ಆಗುವುದಿಲ್ಲ ಎಂದು, ಈ ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ಬಾಗಿಲು, ಕಿಟಕಿ, ಮಂಚ, ತೊಟ್ಟಿಲು, ಇಷ್ಟೇ ಅವನ ಕಸುಬು. ಅವನು ಕೂಡಿಸಿದ ಸಂದು ಬಿಟ್ಟದ್ದನ್ನು ಕಂಡವರಿಲ್ಲ. ಮನೆ ಬಿದ್ದರೂ ಅವನು ಮಾಡಿದ ಬಾಗಿಲು ನಿಂತಿರುತ್ತದೆ ಎಂದು ಊರವರು ಹೇಳುತ್ತಿದ್ದರು. ಕೇಳಿದಾಗಲೆಲ್ಲ ಅವನಿಗೆ ಒಳಗೊಳಗೇ ಹಿಗ್ಗು. ಹಿಗ್ಗಿದ್ದು ತಪ್ಪಲ್ಲ ಕಣಯ್ಯ. ಕೆಲಸ ಬಲ್ಲವನಿಗೆ ಅಷ್ಟಾದರೂ ಬೇಡವೇ?

ಅವನಿಗೆ ಒಬ್ಬಳೇ ಮಗಳು. ಕಾಲೇಜಿನಲ್ಲಿ ಎನ್‌ಸಿಸಿಯ ವಾಯುದಳ ಸೇರಿದ್ದಳು. ಅಲ್ಲಿ ಮಾದರಿ ವಿಮಾನ ಕಟ್ಟಿ ಹಾರಿಸುವುದನ್ನು ಕಲಿಸುತ್ತಾರೆ. ಇವಳದು ಎಂಜಿನ್ ಇಲ್ಲದ ವಿಮಾನ. ಗಾಳಿಪಟದ ಹಾಗೆ ದಾರ ಕಟ್ಟಿಕೊಂಡು ಓಡಿ ಏರಿಸಬೇಕು. ಮೇಲಕ್ಕೆ ಹೋದ ಮೇಲೆ ದಾರ ಕಳಚುತ್ತದೆ. ಅಲ್ಲಿಂದ ಅದು ತೇಲಿಕೊಂಡು ತಾನಾಗಿ ಇಳಿಯಬೇಕು. ಯಾರದು ಹೆಚ್ಚು ಹೊತ್ತು ತೇಲಿತೋ ಅವರು ಗೆದ್ದಂತೆ. ಆ ವರ್ಷ ಗೆದ್ದವರನ್ನು ದಿಲ್ಲಿಯ ಶಿಬಿರಕ್ಕೆ ಕಳಿಸುವುದಿತ್ತು. ಹುಡುಗಿಯದು ಕೊನೆಯ ವರ್ಷ. ಈ ಸಲ ತಪ್ಪಿದರೆ ತಪ್ಪಿತು. ಎರಡು ವರ್ಷದಿಂದ ಅವಳಿಗೆ ಅದೇ ಧ್ಯಾನ. ಮಗಳ ಧ್ಯಾನ ಅಪ್ಪನಿಗೂ ಹತ್ತಿತು.

ಇಬ್ಬರೂ ಅಂಗಡಿಯ ಮೂಲೆಯಲ್ಲಿ ರೆಕ್ಕೆ ಕಟ್ಟಲು ಕೂತರು. ಬಾಲ್ಸಾ ಅಂತ ಒಂದು ಮರ ಬರುತ್ತದೆ. ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಬಡಗಿ ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಇದು ಮರವೋ ಬೆಂಡೋ ಎಂದು ನಕ್ಕ. ಜನ್ಮವಿಡೀ ತೇಗ, ಬೇವು, ಹೊನ್ನೆ ಮುಟ್ಟಿದ ಕೈ ಅದು.

ಮೊದಲ ಜಗಳ ಅಂಟಿನದು. ಬಡಗಿ ಕಪಾಟಿನಿಂದ ಎರಡು ಟ್ಯೂಬು ತೆಗೆದ. ಎರಡನ್ನೂ ಸಮಸಮ ಕಲಸಿ ಹಚ್ಚುವ ಅಂಟು, ಒಣಗಿದರೆ ಕಲ್ಲು. ಎಲ್ಲ ಕಡೆಗೂ ಇದನ್ನೇ ಬಳಿಯೋಣ, ತಂಟೆ ಬೇಡ, ಎಂದ. ಮಗಳು ಒಪ್ಪಲಿಲ್ಲ. ರೆಕ್ಕೆಯೊಳಗಿನ ತೆಳು ಪಟ್ಟಿಗಳಿಗೆ ಬಿಳಿ ಅಂಟು ಸಾಕು, ಅದೂ ಕಡ್ಡಿಯ ತುದಿಯಷ್ಟು. ಅಂಟಿಗೂ ತೂಕವಿದೆ, ತೂಕ ಏರಿದರೆ ವಿಮಾನ ಏರುವುದಿಲ್ಲ ಎಂದಳು. ಕಲ್ಲಿನಂಥ ಅಂಟು ಹಚ್ಚಿ ಪಾಲಿಶ್ ಪೇಪರಿನಲ್ಲಿ ಉಜ್ಜಿದರೆ ಮೆತ್ತನೆಯ ಮರ ಸವೆಯುತ್ತದೆ, ಅಂಟು ಮಾತ್ರ ಏಣಾಗಿ ಎದ್ದು ನಿಲ್ಲುತ್ತದೆ ಎಂದಳು. ಅವನು ನಂಬಲಿಲ್ಲ. ಒಂದು ಚೂರಿಗೆ ಹಚ್ಚಿ ಉಜ್ಜಿ ನೋಡಿದ. ಅವಳು ಹೇಳಿದಂತೆಯೇ ಆಯಿತು.

ಹನಿ ಬಿದ್ದ ಕೂಡಲೇ ಹಿಡಿಯುವ ಅಂಟೂ ಅವಳ ಹತ್ತಿರ ಇತ್ತು. ಅದು ಅವಸರಕ್ಕೆ ಆಗುತ್ತದೆ, ಆದರೆ ಪೆಟ್ಟು ತಿಂದರೆ ಹಪ್ಪಳದ ಹಾಗೆ ಲಟಕ್ ಎನ್ನುತ್ತದೆ. ಅಪ್ಪನ ಎರಡು ಟ್ಯೂಬಿಗೆ ಅವಳು ಕೊಟ್ಟದ್ದು ಒಂದೇ ಜಾಗ. ಎಡ ರೆಕ್ಕೆ ಬಲ ರೆಕ್ಕೆ ನಡುವೆ ಕೂಡುತ್ತವಲ್ಲ, ಅಲ್ಲಿ. ಬಡಗಿ ತಲೆಯಾಡಿಸಿದ. ಕಾರಣ ತೋರಿಸಿದರೆ ಒಪ್ಪುವ ಮನುಷ್ಯ. ನನ್ನ ಮಗಳು ನನಗೇ ಅಂಟು ಹಚ್ಚುವುದನ್ನು ಕಲಿಸಿದಳು ಎಂದು ನಾಲ್ಕು ಮನೆಗೆ ಹೇಳಿಕೊಂಡು ಬಂದ.

ಕೊನೆಗೆ ರೆಕ್ಕೆಯನ್ನು ವಿಮಾನದ ಮೈಗೆ ಕೂಡಿಸುವ ಹೊತ್ತು ಬಂತು. ಇಲ್ಲಿಗೆ ಯಾವ ಅಂಟು ಎಂದು ಬಡಗಿ ಕೇಳಿದ. ಇಲ್ಲಿಗೆ ಅಂಟಿಲ್ಲ ಎಂದಳು ಮಗಳು. ರೆಕ್ಕೆಯನ್ನು ಮೈಯ ಮೇಲೆ ಇಟ್ಟು, ಮೈಯಿಂದ ಹೊರಚಾಚಿದ ಕಡ್ಡಿಗಳಿಗೆ ಆರು ರಬ್ಬರ್ ಬ್ಯಾಂಡ್ ಅಡ್ಡಡ್ಡ ಸುತ್ತಿದಳು. ಅಷ್ಟೇ. ಬಡಗಿಗೆ ಬೆವರು ಬಂತು. ಮದುವೆ ಕಾಗದದ ಕಟ್ಟಿಗೆ ಸುತ್ತುವ ರಬ್ಬರ್ ಬ್ಯಾಂಡು! ಎಲ್ಲ ಸಂದಿಗೂ ಅಳೆದು ತೂಗಿ ಅಂಟು ಹಚ್ಚಿ, ಮುಖ್ಯವಾದ ಸಂದನ್ನೇ ಹೀಗೆ ಬಿಡುವುದೇ? ಪೆಟ್ಟು ಬಿದ್ದಾಗ ರೆಕ್ಕೆ ಜಾರಿ ಕಳಚಬೇಕು, ಅದಕ್ಕೇ ಹೀಗೆ, ಎಂದು ಅವಳು ಹೇಳಿದಳು. ಮಾತು ಅವನ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಕಳಚಬೇಕು ಎಂದು ಸಂದು ಮಾಡಿದವನಲ್ಲ ಅವನು.

ಸ್ಪರ್ಧೆಗೆ ಎರಡು ದಿನ ಮುಂಚೆ ಕಾಲೇಜಿನ ಮೈದಾನದಲ್ಲಿ ಹಾರಿಸಿ ನೋಡಿದರು. ಇಳಿಯುವಾಗ ರೆಕ್ಕೆ ವಾಲಿಬಾಲ್ ಕಂಬಕ್ಕೆ ತಾಗಿತು. ರೆಕ್ಕೆ ಒಂದು ಕಡೆ, ಮೈ ಒಂದು ಕಡೆ ಬಿತ್ತು. ಸ್ಪರ್ಧೆಗೆ ನಿಂತ ಇನ್ನೊಬ್ಬ ಹುಡುಗನ ತಂದೆ, ಲಾರಿ ಮಾಲೀಕ, ಅಲ್ಲೇ ಇದ್ದ. ಏನು ಮೇಸ್ತ್ರಿ, ನೀವು ಮಾಡಿದ ಬಾಗಿಲೂ ಹೀಗೇ ಕಳಚಿ ಬರುತ್ತವೇನು ಎಂದು ತಮಾಷೆ ಮಾಡಿದ. ಸುತ್ತಲಿದ್ದವರು ನಕ್ಕರು. ಮಗಳೂ ನಕ್ಕಳು. ನಗುತ್ತಲೇ ರೆಕ್ಕೆ ಎತ್ತಿ ತಂದು, ರಬ್ಬರ್ ಬ್ಯಾಂಡ್ ಸುತ್ತಿ, ಎರಡು ನಿಮಿಷದಲ್ಲಿ ಮತ್ತೆ ಹಾರಿಸಿದಳು.

ಇಲ್ಲಿ ಕಿವಿಗೊಡು, ಬಾಗಿಲ ಕಡೆ ನೋಡಬೇಡ. ವಿಮಾನ ಎರಡನೇ ಸಲ ಹಾರಿದ್ದನ್ನು ಆ ಮೈದಾನದಲ್ಲಿದ್ದವರೆಲ್ಲ ಕಂಡರು. ಬಡಗಿ ಕಾಣಲಿಲ್ಲ. ಅವನ ಕಣ್ಣಲ್ಲಿ ಉಳಿದದ್ದು ಕಳಚಿದ ರೆಕ್ಕೆ, ಕಿವಿಯಲ್ಲಿ ಉಳಿದದ್ದು ಆ ನಗು.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ಮಗಳು ಸಮವಸ್ತ್ರ ಇಸ್ತ್ರಿ ಮಾಡಿಸಲು ಹೋದಳು. ಬಡಗಿ ಎರಡು ಟ್ಯೂಬು ತೆಗೆದ. ರೆಕ್ಕೆ ಮೈಗೆ ಕೂರುವ ಜಾಗಕ್ಕೆ ತೆಳ್ಳಗೆ ಹಚ್ಚಿದ. ಈಗ ಅವನಿಗೆ ತೂಕದ ಹದ ಗೊತ್ತಿತ್ತು, ಒಂದು ಹನಿಯೂ ಹೆಚ್ಚು ಹಾಕಲಿಲ್ಲ. ಒತ್ತಿ ಹಿಡಿದು, ಮೇಲೆ ಮೊದಲಿನಂತೆಯೇ ಆರು ರಬ್ಬರ್ ಬ್ಯಾಂಡ್ ಸುತ್ತಿದ. ಮರುದಿನ ರೆಕ್ಕೆ ಬಿಚ್ಚಿ ಬಸ್ಸಿನಲ್ಲಿ ಒಯ್ಯೋಣ ಎಂದಳು ಮಗಳು. ಬಿಚ್ಚುವುದು ಬೇಡಮ್ಮ, ಲಗೇಜ್ ಆಟೋಗೆ ಹೇಳಿದ್ದೇನೆ, ಹೀಗೇ ಹೋಗಲಿ, ಎಂದ. ಅಪ್ಪನ ಅಕ್ಕರೆ ಎಂದುಕೊಂಡಳು. ಅಕ್ಕರೆಯೇ ಅದು. ಅಕ್ಕರೆ ಅಲ್ಲ ಎಂದು ನಾನೂ ಹೇಳಲಾರೆ.

ಒಬ್ಬೊಬ್ಬರಿಗೆ ಮೂರು ಸಲ ಹಾರಿಸುವ ಅವಕಾಶ, ಮೂರರ ಹೊತ್ತನ್ನೂ ಕೂಡಿಸುತ್ತಾರೆ. ಕಳಚಿದ್ದನ್ನು ಮತ್ತೆ ಕೂಡಿಸಿಕೊಳ್ಳಬಹುದು, ಬೇರೆ ವಿಮಾನ ತರುವಂತಿಲ್ಲ. ಮೊದಲ ಸಲಕ್ಕೇ ಬಡಗಿಯ ಮಗಳ ವಿಮಾನ ಎಲ್ಲರದಕ್ಕಿಂತ ಹೆಚ್ಚು ಹೊತ್ತು ತೇಲಿತು. ಬಡಗಿಯ ಎದೆ ಹಿಗ್ಗಿತು. ಇಳಿಯುವಾಗ ಗಾಳಿ ತಿರುಗಿ, ರೆಕ್ಕೆಯ ತುದಿ ಮೈದಾನದಂಚಿನ ಕಲ್ಲುಕಂಬಕ್ಕೆ ತಾಗಿತು. ವಾಲಿಬಾಲ್ ಕಂಬಕ್ಕೆ ತಾಗಿತ್ತಲ್ಲ, ಅಷ್ಟೇ ಪೆಟ್ಟು. ಆದರೆ ಈ ಸಲ ರೆಕ್ಕೆ ಜಾರಲಿಲ್ಲ. ಜಾರದ ರೆಕ್ಕೆ ಸಂದಿನ ಪಕ್ಕದಲ್ಲೇ ಮುರಿಯಿತು. ಮೈ ಉದ್ದಕ್ಕೂ ಸೀಳಿತು. ಬಾಲ ಎಲ್ಲೋ ಹೋಗಿ ಬಿತ್ತು.

ಅಪ್ಪ ಮಗಳು ಓಡಿ ಹೋದರು. ಅವಳು ಚೂರುಗಳನ್ನು ಆರಿಸತೊಡಗಿದಳು. ಬಡಗಿ ನಡುವಿನ ತುಂಡನ್ನು ಕೈಗೆತ್ತಿಕೊಂಡ. ಎಷ್ಟೋ ವರ್ಷದ ರೂಢಿ, ಮೊದಲು ಕಣ್ಣು ಹೋದದ್ದು ಸಂದಿನ ಮೇಲೆ. ಹೆಬ್ಬೆರಳಿಂದ ಒತ್ತಿ ನೋಡಿದ.

"ನೋಡು, ನಾನು ಹಚ್ಚಿದ ಅಂಟು ಬಿಟ್ಟಿಲ್ಲ."

ಆ ಮಾತು ಕೇಳಿಯೇ ಮಗಳಿಗೆ ನಡೆದದ್ದೇನೆಂದು ತಿಳಿದದ್ದು. ಅವಳು ತುಂಡನ್ನು ಅವನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಅಲ್ಲಿ ಬಿಡಬೇಕಿತ್ತು, ಅಪ್ಪ."

ಉಳಿದೆರಡು ಸಲವೂ ಅವಳ ಹೆಸರು ಕೂಗಿದರು. ಹಾರಿಸಲು ಏನಿತ್ತು? ದಿಲ್ಲಿಗೆ ಲಾರಿ ಮಾಲೀಕನ ಮಗ ಹೋದ. ಅಪ್ಪ ಮಗಳು ಚೂರುಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಅದೇ ಆಟೋದಲ್ಲಿ ಊರಿಗೆ ಬಂದರು. ದಾರಿಯುದ್ದಕ್ಕೂ ಬಡಗಿ ಅತ್ತನಂತೆ. ಮಗಳೇ ಸಮಾಧಾನ ಮಾಡಿದಳಂತೆ.

ಇಷ್ಟು ಹೇಳಿ ಗುರುಗಳು ನೀರು ಕುಡಿದರು. ಈ ಕತೆ ತಾನು ಕಟ್ಟಿದ್ದಲ್ಲ, ಆ ಬಡಗಿ ಈ ಮಠದ ಹೆಬ್ಬಾಗಿಲು ನಿಲ್ಲಿಸಲು ಬಂದಾಗ ತಾನೇ ಹೇಳಿಕೊಂಡದ್ದು ಎಂದರು. ಬಾಗಿಲಿಗೆ ಅವನು ಒಳಗಡೆ ಒಂದು ಅಗುಳಿ ಮಾತ್ರ ಇಟ್ಟು ಹೋಗಿದ್ದ, ಬೀಗ ಆಮೇಲೆ ಬಂದದ್ದು ಎಂದೂ ಹೇಳಿದರು.

ಬೀಗ ತಂದವನು ಮರುಳಸಿದ್ಧ. ಅವನು ತಲೆ ತಗ್ಗಿಸಿದ. ಕತೆ ಅವನಿಗೆ ತಟ್ಟಿತ್ತು. ಆದರೂ ಮೂರು ವರ್ಷ ಮಠವನ್ನು ಹಿಡಿದಿಟ್ಟ ನಿಯಮ ಅದು. ಅಷ್ಟು ಸುಲಭವಾಗಿ ಕೈಬಿಡಲು ಮನಸ್ಸು ಬರಲಿಲ್ಲ. ಕೊಟ್ರೇಶನನ್ನು ಒಳಗೆ ಬಿಟ್ಟರೆ ನಿಯಮ ಮುರಿದಂತಾಗುವುದಿಲ್ಲವೇ ಎಂದು ಮೆಲ್ಲಗೆ ಕೇಳಿದ. ಬಿಡದಿದ್ದರೆ ಅದು ಉಳಿಯುತ್ತದಲ್ಲ, ಎಂದ.

"ಉಳಿಯುತ್ತದೆ ಕಣಯ್ಯ, ಆ ಮೈದಾನದಲ್ಲೂ ಮುರಿಯದೆ ಉಳಿದದ್ದು ಅಂಟು ಒಂದೇ," ಎಂದರು ಗುರುಗಳು.

ಮರುಳಸಿದ್ಧ ಎದ್ದು, ಸೊಂಟದ ಬೀಗದ ಕೈ ತೆಗೆದುಕೊಂಡು ಹೆಬ್ಬಾಗಿಲ ಕಡೆ ನಡೆದ.