ದಾಟುಚೀಟಿಯಲ್ಲಿ ಪಾಲು ಕೇಳಿದ ಕರಡಿಮರಿ

ಮೊದಲು ಒಂದು ಒಗಟು. ಬಾಯಿದೆ, ಹಲ್ಲಿಲ್ಲ. ಮೈತುಂಬ ಉಗುರು, ಆದರೆ ಪರಚೋದಿಲ್ಲ. ಧೈರ್ಯ ಬಂದರೆ ಉದ್ದ, ಹೆದರಿದರೆ ಗುಂಡಗೆ. ಏನದು?

ತೆಂಗಿನಕಾಯಿ ಅಂದವರು ಕೂತ್ಕೊಳ್ಳಿ. ಹಲಸಿನಹಣ್ಣು ಅಂದವರು ಅಲ್ಲೇ ನಿಂತಿರಿ. "ನಮ್ಮಜ್ಜಿ" ಅಂದವರು ಮನೆಗೆ ಹೋಗಿ, ಆದರೆ ಅಜ್ಜಿ ಹತ್ತಿರ ನನ್ನ ಹೆಸರು ಎತ್ತಬೇಡಿ.

ಯಾರಿಗೂ ಬರೋದಿಲ್ಲ ಅಂತ ಗೊತ್ತಿದ್ದೇ ಕೇಳಿದ್ದು. ಉತ್ತರ: ಚಿಪ್ಪುಹಂದಿ. ಹೆಸರಲ್ಲಿ ಹಂದಿ ಇದೆ ಅಷ್ಟೆ, ಹಂದಿಗೂ ಅದಕ್ಕೂ ಯಾವ ನೆಂಟಸ್ತನವೂ ಇಲ್ಲ. ಇರುವೆ, ಗೆದ್ದಲು ನೆಕ್ಕಿಕೊಂಡು ತನ್ನ ಪಾಡಿಗೆ ತಾನಿರುವ ಪ್ರಾಣಿ. ಮೈಮೇಲೆ ಹೆಂಚು ಹೊದಿಸಿದ ಹಾಗೆ ಚಿಪ್ಪು, ನಮ್ಮ ಉಗುರಿನ ಥರದ್ದೇ. ಯಾರಾದರೂ ಜೋರಾಗಿ ಸೀನಿದರೂ ಸಾಕು, ಮೂತಿಯನ್ನು ಹೊಟ್ಟೆಗೆ ಸೇರಿಸಿ, ಬಾಲ ಸುತ್ತಿಕೊಂಡು ಚೆಂಡಾಗಿಬಿಡುತ್ತದೆ.

ನಮ್ಮ ಕತೆಯ ಚಿಪ್ಪುಹಂದಿ ಮರಿಯ ಹೆಸರು ಹುರುಪಿ. ಅವಳು ಓದುತ್ತಿದ್ದ ಶಾಲೆ ಹೊಳೆಯ ಈಚೆ ದಡದ ಕಾಡಿನಲ್ಲಿ, ಒಂದು ಹೊಂಗೆಮರದ ಕೆಳಗೆ ಇತ್ತು. ಪಕ್ಕದಲ್ಲೇ ಕೊಳ. ಮೇಷ್ಟ್ರು ಒಂದು ಮುದಿ ಕೊಕ್ಕರೆ. ಒಂಟಿಕಾಲಲ್ಲಿ ನಿಂತು, ಕಣ್ಣು ಮುಚ್ಚಿಕೊಂಡು ಪಾಠ ಹೇಳೋರು. ಕಣ್ಣು ಬಿಟ್ಟರೆ ಪಾಠ ಮರೆತುಹೋಗುತ್ತದಂತೆ. ಇದಕ್ಕಿಂತ ಒಳ್ಳೆಯ ಮೇಷ್ಟ್ರು ಯಾರಿಗೆ ಬೇಕು ಅಂತೀರಾ?

ಹುರುಪಿಗೆ ಬೇಕಿತ್ತು.

ಯಾಕೆಂದರೆ ಅದೇ ಶಾಲೆಯಲ್ಲಿ ಜೂಲ ಅನ್ನೋ ಕರಡಿಮರಿ ಇದ್ದ. ಮೈತುಂಬ ಜೂಲು ಕೂದಲು, ಮಂಡೆತುಂಬ ಕೊಬ್ಬು. ಮೇಷ್ಟ್ರು ಕಣ್ಣು ಮುಚ್ಚಿದ ಕೂಡಲೇ ಅವನು ಹುರುಪಿಯ ಕಿವಿಯ ಹತ್ತಿರ ಬಂದು "ಗುರ್!" ಅನ್ನೋನು. ಅವಳು ಗುಂಡಗಾಗೋಳು. ಆಮೇಲೆ ಒಂದು ಒದೆ. ಹುರುಪಿ ಉರುಳಿಕೊಂಡು ಹೋಗಿ ಬೇಲಿಗೆ ಬಡಿಯೋಳು. ಅಲ್ಲಿಂದ ಇನ್ನೊಂದು ಒದೆ. ಚಂಗು ಅನ್ನೋ ಮೊಲದ ಮರಿ ಪಕ್ಕದಲ್ಲಿ ನಿಂತು ಒದೆಗಳನ್ನು ಎಣಿಸಬೇಕು. ಎಣಿಸದಿದ್ದರೆ ಜೂಲ ಅವನ ಕಿವಿ ಹಿಡಿದು ಗಿರಗಿರ ತಿರುಗಿಸೋನು. ಉಳಿದವರು ನಗಬೇಕು. ನಗದಿದ್ದರೆ ಏನಾಗುತ್ತದೆ ಅಂತ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ದಿನ ಒದೆ ಸ್ವಲ್ಪ ಜೋರಾಗಿಯೇ ಬಿತ್ತು. ಹುರುಪಿ ಉರುಳಿ ಉರುಳಿ ಸೀದಾ ಕೊಳದ ಕೆಸರಿಗೆ ಹೋಗಿ ಹೂತುಕೊಂಡಳು. ಗುಂಡಗಿದ್ದರೆ ಉಸಿರು ಕಟ್ಟುತ್ತದೆ, ಬಿಚ್ಚಿಕೊಂಡರೆ ಜೂಲ ನಿಂತಿದ್ದಾನೆ. ಅವಳು ಬಿಚ್ಚಿಕೊಳ್ಳಲಿಲ್ಲ. ಸಂಜೆ ಅವಳಮ್ಮ ಹುಡುಕಿಕೊಂಡು ಬಂದು ಕೆಸರು ಕೆದಕಿ ಎತ್ತಿದಾಗ ಬೆನ್ನ ಮೇಲಿನ ಎರಡು ಚಿಪ್ಪು ಸೀಳಿತ್ತು.

ಮರುದಿನ ಬೆಳಿಗ್ಗೆಯೇ ಅಮ್ಮ ಮಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ದೊಡ್ಡವ್ವನ ಹತ್ತಿರ ಹೋದಳು.

ದೊಡ್ಡವ್ವ ಅಂದರೆ ಕಾಡಿನ ಹಿರಿಯ ಆನೆ. ಅವಳು ಹೋದ ಬೇಸಿಗೆಯಲ್ಲಿ ಒಂದು ಕಟ್ಟಳೆ ಮಾಡಿದ್ದಳು. ಶಾಲೆಯಲ್ಲಿ ಪೆಟ್ಟು ತಿನ್ನುವ ಮರಿಗೆ ದಾಟುಚೀಟಿ ಕೊಡುವುದು. ಚೀಟಿ ಅಂದರೆ ಒಂದು ತೇಗದೆಲೆ, ಅದರ ಮೇಲೆ ದೊಡ್ಡವ್ವನ ಸೊಂಡಿಲ ತುದಿಯ ಕೆಸರುಮುದ್ರೆ. ಅದಿದ್ದರೆ ಮರಿ ತನಗೆ ಬೇಕಾದ ಶಾಲೆ ಆರಿಸಿಕೊಳ್ಳಬಹುದು. ಖರ್ಚೆಲ್ಲ ಕಾಡಿನದು. ಹೊಳೆ ದಾಟಲು ಕಾಟಿ ಮಾವನ, ಅಂದರೆ ಕಾಡುಕೋಣದ, ಬೆನ್ನ ಮೇಲೆ ಸವಾರಿ, ಆಚೆ ದಡದ ಶಾಲೆಯ ಪಕ್ಕದಲ್ಲೇ ಒಂದು ಬಿಲ, ಊಟಕ್ಕೆ ಬೇರೆ ಯಾರೂ ಮೂತಿ ಇಡಬಾರದ ಒಂದು ಇಡೀ ಗೆದ್ದಲುಹುತ್ತ.

ಈ ಸುದ್ದಿ ಗೊರವಂಕ ಹಕ್ಕಿಯ ಬಾಯಿಗೆ ಬಿತ್ತು. ಗೊರವಂಕದ ಬಾಯಿಗೆ ಬಿದ್ದದ್ದು ಕೆಳಗೆ ಬೀಳೋದುಂಟೇ? ಮಧ್ಯಾಹ್ನದ ಹೊತ್ತಿಗೆ ಇಡೀ ಕಾಡಿನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು.

"ಇಡೀ ಹುತ್ತವಂತೆ ಕಣ್ರೀ! ನಾವು ಇಲ್ಲಿ ಒಣಹುಲ್ಲು ಕಡಿದು ಹಲ್ಲು ಸವೆಸೋದು," ಅಂದಳು ಮೊಲದ ಚಿಕ್ಕಮ್ಮ. ಅವಳು ಗೆದ್ದಲು ತಿನ್ನೋದಿಲ್ಲ. ಆದರೂ ಉರಿ ಉರಿಯೇ.

ಜಿಂಕೆಯಮ್ಮ ತನ್ನ ಮಗನನ್ನು ಮರದ ಬುಡಕ್ಕೆ ನಿಲ್ಲಿಸಿಕೊಂಡು ಮೈಯೆಲ್ಲ ತಿರುಗಿಸಿ ನೋಡಿದಳು. "ನೀನೂ ಇದ್ದೀಯ ದಂಡಕ್ಕೆ! ಒಂದು ವರ್ಷ ಶಾಲೆಗೆ ಹೋಗಿ ಒಂದು ಗೀರೂ ಬೀಳಿಸಿಕೊಂಡು ಬರಲಿಲ್ಲ! ಅವರ ಮನೆ ಮಗಳನ್ನ ನೋಡಿ ಕಲಿ!"

"ನಾನೇನು ಮಾಡ್ಲಮ್ಮ, ನಾನು ಓಡಿಬಿಡ್ತೀನಿ," ಅಂತ ಮಗ ಮುಸಿಮುಸಿ ಅತ್ತ.

ಆ ಮಧ್ಯಾಹ್ನವೇ ಹೊಳೆದಂಡೆಯ ಮತ್ತಿಮರದ ಕೆಳಗೆ ಸಭೆ ಸೇರಿತು. ಆಕಾಶದ ಮೂಲೆಯಲ್ಲಿ ಮೋಡ ಕಪ್ಪಗಾಗುತ್ತಿತ್ತು. ಮಳೆ ಹಿಡಿದರೆ ಹೊಳೆ ತುಂಬುತ್ತದೆ, ನಾಲ್ಕು ತಿಂಗಳು ಕಾಟಿ ಮಾವನೂ ದಾಟೋದಿಲ್ಲ. ಈ ವರ್ಷದ ಕೊನೆಯ ಸವಾರಿ ಇವತ್ತೇ, ಹೊತ್ತು ಗುಡ್ಡ ಮುಟ್ಟುವುದರೊಳಗೆ. ಇವತ್ತು ಚೀಟಿ ಸಿಗದಿದ್ದರೆ ಹುರುಪಿಗೆ ಇನ್ನೂ ನಾಲ್ಕು ತಿಂಗಳು ಹೊಂಗೆಮರ, ನಾಲ್ಕು ತಿಂಗಳು ಜೂಲ. ಜೊತೆಗೆ ಮಳೆಗಾಲದ ಕೊಳ.

"ಹೇಳು ಕೂಸೇ, ಯಾರು ಒದ್ದದ್ದು?" ಅಂದಳು ದೊಡ್ಡವ್ವ.

ಅಷ್ಟು ಮುಖಗಳು ಒಟ್ಟಿಗೆ ತನ್ನ ಕಡೆ ತಿರುಗಿದ್ದು ಕಂಡು ಹುರುಪಿ ಗುಂಡಗಾಗಿಬಿಟ್ಟಳು. ಚೆಂಡಿನೊಳಗಿಂದ ಮಾತು ಬರುತ್ತದಾ?

"ನೀನು ಕಂಡೆಯಾ ತಾಯಿ?"

"ಕೆಸರಲ್ಲಿ ಹೂತಿದ್ದನ್ನ ಕಂಡೆ ದೊಡ್ಡವ್ವ. ಒದ್ದಿದ್ದನ್ನ ಕಾಣಲಿಲ್ಲ," ಅಂದಳು ಅಮ್ಮ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಹಾಗಾದ್ರೆ ಒಬ್ಬರಾದ್ರೂ ಸಾಕ್ಷಿ ಬೇಕು. ಸಾಕ್ಷಿ ಇಲ್ಲದೆ ಚೀಟಿ ಕೊಟ್ರೆ ನಾಳೆ ಕಾಡಿಗೆ ಕಾಡೇ ಕುಂಟಿಕೊಂಡು ಬರುತ್ತೆ. ಮೇಷ್ಟ್ರೇ, ನೀವು?"

ಕೊಕ್ಕರೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನಾನು ಪಾಠದಲ್ಲಿ ಮುಳುಗಿದ್ದೆ ತಾಯೀ."

"ಚಂಗು?"

ಚಂಗು ಮೂಗು ಅಲುಗಿಸಿದ. ಅವನಿಗೆ ಜೂಲನ ಹೆದರಿಕೆ ಇತ್ತು, ನಿಜ. ಆದರೆ ಅದೊಂದೇ ಅಲ್ಲ. ಅವನ ಕಣ್ಣು ಕಾಟಿ ಮಾವನ ಅಗಲವಾದ ಬೆನ್ನ ಮೇಲೆ ಇತ್ತು. 'ನನ್ನ ಕಿವಿ ಎಷ್ಟು ಸಲ ತಿರುಚಿದ್ದಾನೆ, ನನಗೆ ಯಾರು ಕೊಟ್ಟರು ಸವಾರಿ? ಇವಳೇನು ಮೇಲಿಂದ ಇಳಿದು ಬಂದವಳಾ?' ಅಂತ ಅವನ ಒಳಗೊಂದು ಇರುವೆ ಕಚ್ಚುತ್ತಿತ್ತು.

"ನಾನು ಏನೂ ನೋಡಿಲ್ಲ ದೊಡ್ಡವ್ವ," ಅಂದ.

ಜಿಂಕೆಯ ಮರಿ ನೋಡಿಲ್ಲ. ಅಳಿಲು ನೋಡಿಲ್ಲ. ಎಲ್ಲರೂ ಒಬ್ಬರ ಹಿಂದೆ ಒಬ್ಬರು ನೆಲ ನೋಡಿದರು. ಹೊತ್ತು ಗುಡ್ಡದಿಂದ ಒಂದು ಮೊಳ ಮೇಲಿತ್ತು. ಅಮ್ಮ ಮಗಳ ಪಕ್ಕದಲ್ಲಿ ಕೂತು, ಸೀಳಿದ ಚಿಪ್ಪನ್ನು ನಾಲಿಗೆಯಿಂದ ಸವರುತ್ತಿದ್ದಳು.

ಇತ್ತ ಜೂಲ ಇಪ್ಪೆಮರದ ಕೆಳಗೆ ಬಿದ್ದ ಹೂವು ತಿನ್ನುತ್ತ ಕೂತಿದ್ದ. ಸಭೆಯ ಕಡೆ ತಲೆ ಹಾಕಬಾರದು ಅನ್ನುವಷ್ಟು ಬುದ್ಧಿ ಅವನಿಗಿತ್ತು. ಅಲ್ಲಿಗೆ ಗೊರವಂಕ ಹಾರಿಬಂತು. ಅದು ಸಭೆಯನ್ನು ಮೇಲಿಂದ ನೋಡಿತ್ತು ಅಷ್ಟೆ. ಕಾಟಿ ಮಾವ, ಪಕ್ಕದಲ್ಲಿ ಹುರುಪಿ, ಮುಂದೆ ತೇಗದೆಲೆ ಕಂಡಿತ್ತು. ಉಳಿದದ್ದನ್ನು ತಾನೇ ಸೇರಿಸಿಕೊಂಡಿತ್ತು.

"ಕೊಟ್ಟೇಬಿಟ್ರು ಕಣೋ! ಹುರುಪಿಗೆ ಚೀಟಿ! ಎಂಥಾ ಮರ್ಯಾದೆ ಅಂತೀಯ, ಇಡೀ ಕಾಡೇ ಸುತ್ತ ನಿಂತಿದೆ!"

"ಹುತ್ತ?" ಅಂದ ಜೂಲ.

"ಇಡೀ ಹುತ್ತ! ನಿನಗಿಂತ ಎತ್ತರ!"

"ಕಾಟಿ ಮಾವನ ಬೆನ್ನ ಮೇಲೆ ಕೂರಿಸ್ತಾರಾ?"

"ಮತ್ತೇನು ನಡೆಸಿಕೊಂಡು ಹೋಗ್ತಾರಾ?"

ಜೂಲನ ಬಾಯಲ್ಲಿದ್ದ ಇಪ್ಪೆಹೂವು ಬೇವಾಯಿತು. ಅವನಿಗೂ ಗೆದ್ದಲು ಅಂದರೆ ಪ್ರಾಣ. ಅವನ ಮನೆಯಲ್ಲಿ ಅಣ್ಣಂದಿರು ನೆಕ್ಕಿ ಬಿಟ್ಟ ಹುತ್ತವೇ ಅವನ ಪಾಲಿಗೆ ಬರೋದು. ಕಾಟಿ ಮಾವನ ಬೆನ್ನೇರಬೇಕು ಅಂತ ಎಷ್ಟು ಸಲ ಕೇಳಿದ್ದ, ಮಾವ ಬಾಲದಲ್ಲಿ ನೊಣ ಓಡಿಸಿದ ಹಾಗೆ ಓಡಿಸಿದ್ದ. ಈಗ ಆ ಚೆಂಡಿಗೆ? ಏನೂ ಮಾಡದೆ ಸುಮ್ಮನೆ ಬಿದ್ದಿರೋ ಆ ಚೆಂಡಿಗೆ?

ಅವನು ಎದ್ದ. ಕೂತ. ಮತ್ತೆ ಎದ್ದ. ಒಂದು ಕಲ್ಲನ್ನು ಒದ್ದ, ಕಲ್ಲಿಗೆ ಏನೂ ಆಗಲಿಲ್ಲ, ಕಾಲಿಗೆ ಆಯಿತು. ಕುಂಟುತ್ತಾ, ಬುಸುಗುಡುತ್ತಾ ಹೊಳೆದಂಡೆಗೆ ಓಡಿದ.

ಅಲ್ಲಿ ದೊಡ್ಡವ್ವ ತೇಗದೆಲೆಯನ್ನು ಪಕ್ಕಕ್ಕೆ ಸರಿಸುವುದರಲ್ಲಿದ್ದಳು. "ನನಗೂ ಸಂಕಟ ಆಗುತ್ತೆ ತಾಯಿ, ಆದರೆ ಕಟ್ಟಳೆ…" ಅನ್ನುತ್ತಿದ್ದಳು.

"ನನ್ನ ಪಾಲೆಲ್ಲಿ?" ಅಂತ ಜೂಲ ನುಗ್ಗಿದ.

ಸಭೆ ತಿರುಗಿ ನೋಡಿತು. ಹುರುಪಿ ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು.

"ಯಾವುದರ ಪಾಲು ಮರಿ?" ಅಂದಳು ದೊಡ್ಡವ್ವ.

"ಚೀಟಿದು! ಅವಳೇನು ಮಾಡಿದ್ಳು ದೊಡ್ಡವ್ವ, ನೀವೇ ಹೇಳಿ. ಸುತ್ತಿಕೊಂಡು ಬಿದ್ದಿದ್ದಳು. ಅದೂ ಒಂದು ಕೆಲಸವಾ? ಕಷ್ಟಪಟ್ಟಿದ್ದೆಲ್ಲ ನಾನು. ಆ ಚಿಪ್ಪು ಎಷ್ಟು ಗಟ್ಟಿ ಅಂತ ಒದ್ದವರಿಗೆ ಗೊತ್ತು. ನೋಡಿ ಇಲ್ಲಿ, ಹೆಬ್ಬೆರಳು ಊದಿಕೊಂಡಿದೆ!"

ದೊಡ್ಡವ್ವ ತೇಗದೆಲೆಯನ್ನು ಮೆಲ್ಲಗೆ ಮತ್ತೆ ಮುಂದಕ್ಕೆ ಎಳೆದುಕೊಂಡಳು. ದನಿಯಲ್ಲಿ ಜೇನು ಸುರಿಯಿತು.

"ಅಯ್ಯೋ ಕಂದ, ನೋಯ್ತಾ? ಆದರೂ ಏನೋ ಆಟಕ್ಕೆ ಒಂದೆರಡು ಸಲ ಒದ್ದಿರಬಹುದು. ಅಷ್ಟಕ್ಕೆಲ್ಲ ಪಾಲು ಕೊಡೋಕಾಗುತ್ತಾ?"

"ಒಂದೆರಡಾ?" ಜೂಲನಿಗೆ ಮೈಯೆಲ್ಲ ಉರಿದುಹೋಯಿತು. "ಪ್ರತಿದಿನ ದೊಡ್ಡವ್ವ! ರಜಾ ಇಲ್ಲದೆ! ಹೊಂಗೆಮರದಿಂದ ಕೊಳದ ತನಕ ಒಂದೇ ಏಟಿಗೆ ಕಳಿಸಿದ್ದು ಯಾರು? ನಾನು! ಬೇಕಾದ್ರೆ ಚಂಗುನ ಕೇಳಿ, ಅವನೇ ಎಣಿಸೋನು. ಮೇಷ್ಟ್ರನ್ನ ಕೇಳಿ. ಮೊನ್ನೆ ಇವಳು ಉರುಳಿ ಬಂದು ಅವರ ಕಾಲಿಗೇ ಬಡಿದಳು. ಮೇಷ್ಟ್ರು ಕಣ್ಣು ಬಿಟ್ಟು ನೋಡಿ, ಕಾಲು ಬದಲಾಯಿಸಿ, ಮತ್ತೆ ಕಣ್ಣು ಮುಚ್ಚಿದರು!"

ಮೇಷ್ಟ್ರ ಎರಡೂ ಕಾಲು ಒಟ್ಟಿಗೆ ನೆಲಕ್ಕೆ ಬಂದವು. ಎರಡೂ ಕಣ್ಣು ಅಗಲವಾಗಿ ತೆರೆದವು.

"ಚಂಗು," ಅಂದಳು ದೊಡ್ಡವ್ವ, ಅವನ ಕಡೆ ನೋಡದೆಯೇ.

ಚಂಗು ಕಾಟಿ ಮಾವನ ಬೆನ್ನನ್ನು ಬಿಟ್ಟು, ಮೊದಲ ಸಲ ಹುರುಪಿಯ ಬೆನ್ನನ್ನು ನೋಡಿದ. ಸೀಳಿದ ಚಿಪ್ಪಿನ ಕೆಳಗೆ ಮಾಂಸ ಕೆಂಪಗೆ ಕಾಣುತ್ತಿತ್ತು.

"ಹೌದು ದೊಡ್ಡವ್ವ. ಅವತ್ತು ಹದಿನೇಳು. ಕೆಸರಿಗೆ ಬಿದ್ದದ್ದು ಹದಿನೇಳನೇದು."

"ಕೇಳಿದ್ರಾ! ಹದಿನೇಳು!" ಅಂತ ಜೂಲ ಎದೆ ಉಬ್ಬಿಸಿದ.

"ಸರಿ ಹಾಗಾದ್ರೆ," ಅಂದಳು ದೊಡ್ಡವ್ವ. "ಪಾಲು ಕೇಳಿದ್ದೀಯ, ಪಾಲೇ ಆಗಲಿ. ಅವಳಿಗೆ ಬಂದದ್ದು ಎರಡು: ಒದೆ, ಹುತ್ತ. ಒದೆ ಮೊದಲು ಬಂತು, ಹುತ್ತ ಆಮೇಲೆ. ನಿನಗೂ ಅದೇ ಸಾಲಿನಲ್ಲಿ ಕೊಡ್ತೀನಿ. ಬಾ, ಸುತ್ತಿಕೊಂಡು ಮಲಗು."

ಅವಳು ಮುಂಗಾಲು ಎತ್ತಿದಳು. ಆ ಕಾಲಿನ ನೆರಳು ಜೂಲನ ತಲೆಯಿಂದ ಬಾಲದವರೆಗೆ ಬಿತ್ತು. ಆಮೇಲೂ ಸ್ವಲ್ಪ ನೆರಳು ಮಿಕ್ಕಿತು. ಜೂಲ ಮೇಲೆ ನೋಡಿದ. ಪಾದದ ಅಡಿಯಲ್ಲಿ ಅಂಟಿದ್ದ ಒಂದು ಕಲ್ಲು ಅವನ ತಲೆಯಷ್ಟೇ ದಪ್ಪ ಇತ್ತು.

"ಬೇಡ ದೊಡ್ಡವ್ವ… ಬೇಡ! ನನಗೆ ಬೇಡ!"

"ಅವಳಿಗೂ ಬೇಡವಾಗಿತ್ತು ಮರಿ. ಹದಿನೇಳು ಸಲದಲ್ಲಿ ಒಂದು ಸಲವಾದರೂ ಕೇಳಿದ್ದೆಯಾ?"

ಕಾಲು ಮೆಲ್ಲಗೆ ನೆಲಕ್ಕಿಳಿಯಿತು, ಪಕ್ಕದಲ್ಲಿ. ಜೂಲನಿಗೆ ಏನೂ ಆಗಲಿಲ್ಲ. ಆದರೆ ಅವನು ಕೂತಿದ್ದ ನೆಲ ಒದ್ದೆಯಾಗಿತ್ತು. ಮಳೆ ಇನ್ನೂ ಬಂದಿರಲಿಲ್ಲ, ನೀವೇ ಲೆಕ್ಕ ಹಾಕಿಕೊಳ್ಳಿ.

ದೊಡ್ಡವ್ವ ಸೊಂಡಿಲು ಕೆಸರಿಗದ್ದಿ ತೇಗದೆಲೆಯ ಮೇಲೆ ಒತ್ತಿದಳು. ಜೂಲ ಇನ್ನು ಮೇಲೆ ಶಾಲೆಯಲ್ಲಿ ಮೇಷ್ಟ್ರ ಕೊಕ್ಕಿಗೆ ಎಟಕುವಷ್ಟು ಹತ್ತಿರ ಕೂರಬೇಕು, ಮೇಷ್ಟ್ರು ಕಣ್ಣು ಬಿಟ್ಟುಕೊಂಡೇ ಪಾಠ ಹೇಳಬೇಕು, ಮರೆತರೆ ಮರೆಯಲಿ ಅಂತ ಅಪ್ಪಣೆಯಾಯಿತು. ಅಮ್ಮ ಮಗಳಿಬ್ಬರೂ ಕಾಟಿ ಮಾವನ ಬೆನ್ನೇರಿದರು. ಹೊತ್ತು ಇನ್ನೇನು ಗುಡ್ಡ ಮುಟ್ಟಬೇಕು. ಕಾಟಿ ಮಾವ ನೀರಿಗಿಳಿದ.

ದಡದಲ್ಲಿ ನಿಂತ ಜೂಲ ಮೂಗು ಒರೆಸಿಕೊಂಡು, "ಆದರೂ ಇಡೀ ಹುತ್ತ!" ಅಂದ. ಜಿಂಕೆಯಮ್ಮನೂ ನಿಟ್ಟುಸಿರು ಬಿಟ್ಟಳು. ಕೆಲವರಿಗೆ ಆನೆಯ ಕಾಲು ತೋರಿಸಿದರೂ ಬುದ್ಧಿ ಅರ್ಧವೇ ಬರೋದು.

ಆಚೆ ದಡದ ಶಾಲೆಯಲ್ಲಿ ಮರುದಿನ ಹೊಸಬಳನ್ನು ನೋಡಲು ನೀರುನಾಯಿ ಮರಿಗಳ ದಂಡೇ ಓಡಿಬಂತು. ಅಷ್ಟು ಕಾಲುಗಳ ಸದ್ದು ಕೇಳಿದ್ದೇ ತಡ, ಹುರುಪಿ ಗುಂಡಗಾದಳು.

"ಇದೇನೋ ಇದು, ಚೆಂಡಾ?" ಅಂತ ಒಬ್ಬ ಕಾಲು ಮುಂದೆ ಚಾಚಿದ.

"ಏ, ಕಾಲು ತೆಗಿ. ಉಸಿರಾಡ್ತಿದೆ ನೋಡು. ಹೊಸ ಹುಡುಗಿ ಅದು," ಅಂದಳು ಇನ್ನೊಬ್ಬಳು.

ಅವನು ಕಾಲು ತೆಗೆದ. ಎಲ್ಲರೂ ಸುತ್ತ ಕೂತರು. ಮುಟ್ಟಲಿಲ್ಲ. ಒಬ್ಬಳು ಆಕಳಿಸಿದಳು, ಒಬ್ಬ ಮೀನಿನ ಮುಳ್ಳಿನಿಂದ ಹಲ್ಲು ಕೆದಕಿಕೊಂಡ. ಬಹಳ ಹೊತ್ತಿನ ಮೇಲೆ ಬಾಲದ ಸಂದಿಯಿಂದ ಒಂದು ಮೂತಿಯ ತುದಿ ಹೊರಗೆ ಬಂತು.

"ಹೆಸರೇನೇ?"

"ಹುರುಪಿ."

ಈ ಕತೆಯಲ್ಲಿ ಅವಳ ಬಾಯಿಂದ ಬಂದ ಮೊದಲನೇ ಮಾತು ಅದೇ. ನಂಬಿಕೆ ಇಲ್ಲದಿದ್ದರೆ ಹಾಳೆ ಹಿಂದೆ ತಿರುಗಿಸಿ ನೋಡಿ.

ಈಗ ಬೈಬೇಡಿ, ಒಂದು ನಿಜ ಹೇಳಿಬಿಡ್ತೀನಿ. ಕಾಟಿ ಮಾವ ನೀರಿಗಿಳಿದದ್ದರ ತನಕ ಕತೆ ಸರಿಯಾಗಿದೆ. ಆಚೆ ದಡದಲ್ಲಿ ಏನಾಯಿತು ಅಂತ ಗೊರವಂಕಕ್ಕೂ ಗೊತ್ತಿಲ್ಲ, ಅವತ್ತೇ ಮಳೆ ಹಿಡಿದು ಹೊಳೆ ತುಂಬಿತ್ತು. ಆ ನೀರುನಾಯಿಗಳು, ಅವು ಸುತ್ತ ಕೂತದ್ದು, ಅವಳು ಹೆಸರು ಹೇಳಿದ್ದು, ಎಲ್ಲ ನಾನು ಕಟ್ಟಿದ್ದು. ಆ ನೀರುನಾಯಿ ಮರಿ ಚಾಚಿದ ಕಾಲನ್ನು ಹಿಂದಕ್ಕೆ ತೆಗೆಸದೆ ಕತೆ ನಿಲ್ಲಿಸೋಕೆ ನನ್ನ ಕೈಲಾಗಲಿಲ್ಲ.

ನೀತಿ: ಇನ್ನೊಬ್ಬರಿಗೆ ಸಿಕ್ಕ ಮುಲಾಮು ಕಂಡು ಕರುಬುವ ಮೊದಲು, ಅವರ ಗಾಯವನ್ನು ಒಮ್ಮೆ ನೋಡಿ.