ರಣಧೀರನ ಎದುರು ನಿಲ್ಲುವವರಿಲ್ಲ

ಸಿಂಗ್ರಯ್ಯ ಪತ್ರಿಕೆಯೊಂದರ ಗುಮಾಸ್ತ. ನಾಳಿನ ರೇಸಿನಲ್ಲಿ ಯಾವ ಕುದುರೆ ಗೆದ್ದೀತು ಎಂದು ಬರೆಯುವುದು ಅವನ ಕೆಲಸ. ಊರಿನ ರೇಸು ನಡೆಯುವುದು ಮರಳು ಹಾಸಿದ ಹಾದಿಯಲ್ಲಿ, ಮಳೆ ಬಂದರೂ ನಿಲ್ಲುವುದಿಲ್ಲ. ಅವನ ಮಾತು ಸುಳ್ಳಾದದ್ದು ಅಪರೂಪ.

ಒಂದು ದಿನ ಪತ್ರಿಕೆಯ ಮಾಲೀಕರ ಬೀಗರು, ಸಾಹುಕಾರ್ ಪುಟ್ಟವೀರಪ್ಪ, ಬಂದು ಮೇಜು ಗುದ್ದಿದರು.

"ನನ್ನ ಕುದುರೆ ರಣಧೀರನನ್ನ ಹೊಗಳಿ ಬರಿ. ಇಲ್ಲಾಂದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ!"

ರಣಧೀರನಿಗೆ ಹುರುಳಿಯ ಮೇಲಿದ್ದ ಪ್ರೀತಿ ಓಟದ ಮೇಲಿರಲಿಲ್ಲ. ಹೊಗಳಿದರೆ ನಂಬಿದ ಓದುಗರು ಕೆಡುತ್ತಾರೆ, ಬಿಟ್ಟರೆ ತಾನು ಕೆಡುತ್ತಾನೆ. ಸಿಂಗ್ರಯ್ಯ ಒಂದು ಚಿಟಿಕೆ ನಶ್ಯ ಏರಿಸಿ ಬರೆದ: "ರಣಧೀರನ ಎದುರು ನಿಲ್ಲುವ ಕುದುರೆಯೇ ಇಲ್ಲ. ಅವನನ್ನು ಕಂಡರೆ ಉಳಿದ ಏಳೂ ಓಡಿಹೋಗುತ್ತವೆ!"

ಸಾಹುಕಾರರು ಓದಿ ಮೀಸೆ ತಿರುವಿದರು. ಹಳೇ ಓದುಗರು ಮಾತ್ರ ಮುಸಿಮುಸಿ ನಕ್ಕರು.

ಮರುದಿನ ರಣಧೀರ ಎಲ್ಲರಿಗಿಂತ ಕೊನೆಗೆ ಬಂದ. ಸಾಹುಕಾರರು ಕೆಂಡವಾಗಿ ಓಡಿಬಂದರು. "ಏನಯ್ಯಾ ಇದು?"

"ಬರೆದ ಹಾಗೇ ಆಯ್ತಲ್ಲ ಸಾಹುಕಾರ್ರೇ! ಒಂದಾದರೂ ಎದುರಿಗೆ ನಿಂತಿತೇ? ಏಳೂ ಓಡಿಹೋದವು."

ಸಾಹುಕಾರರು ಪತ್ರಿಕೆಯನ್ನು ಮತ್ತೆ ಓದಿದರು. ಮೊದಲು ಮೀಸೆ ಅದುರಿತು, ಆಮೇಲೆ ಹೊಟ್ಟೆ. ನಕ್ಕು ನಕ್ಕು ಕಣ್ಣೊರೆಸಿಕೊಂಡವರು ಮೆಲ್ಲಗೆ ಬಾಗಿಲು ಮುಚ್ಚಿ ಕೇಳಿದರು:

"ಅದಿರಲಿ ಸಿಂಗ್ರಯ್ಯ, ಮುಂದಿನ ವಾರ ನಿಜವಾಗಿ ಗೆಲ್ಲೋದು ಯಾರು? ಮೆತ್ತಗೆ ಹೇಳು, ನಮ್ಮ ರಣಧೀರನ ಕಿವಿಗೆ ಬೀಳದ ಹಾಗೆ."